ನೋಡಲೆಂದೇ ಕಟ್ಟಿದ ಶಿಲ್ಪಶಾಲೆ

ಅಮೆರಿಕದ ಕಿವುಡರು ಒಮ್ಮೆ ತಾವೇ ಹಣ ಕೂಡಿಸಿ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರಿಂದ ಒಂದು ಮೂರ್ತಿ ಮಾಡಿಸಿದರು. 1889ರಲ್ಲಿ ಅನಾವರಣಗೊಂಡ ಅದು ವಾಷಿಂಗ್ಟನ್ನಿನ ಗ್ಯಾಲಡೆಟ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಕೂತಿರುವವರು ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್, 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ಕಿವುಡ ಮಕ್ಕಳ ಶಾಲೆ ತೆರೆದವರು. ಪಕ್ಕದಲ್ಲಿ ನಿಂತ ಹುಡುಗಿ ಆಲಿಸ್ ಕಾಗ್ಸ್‌ವೆಲ್, ನೆರೆಮನೆಯ ವೈದ್ಯರ ಮಗಳು. ಗುರುವಿನ ಕೈ ಮುಷ್ಟಿ ಕಟ್ಟಿ ಬೆರಳಕ್ಷರದ ‘ಎ’ ತೋರಿಸುತ್ತಿದೆ. ಅವಳ ಕೈಯೂ ಅದನ್ನೇ ತಿದ್ದುತ್ತಿದೆ.

ಒಂಬತ್ತು ವರ್ಷ ಹಿಂದಷ್ಟೇ, 1880ರಲ್ಲಿ, ಮಿಲಾನಿನಲ್ಲಿ ಸೇರಿದ್ದ ಶಿಕ್ಷಕರು ಕಿವುಡರ ಶಾಲೆಗಳಿಂದ ಸನ್ನೆ ಭಾಷೆಯನ್ನು ಹೊರಗಿಡಬೇಕೆಂದು ನಿರ್ಣಯ ಮಾಡಿದ್ದರು. ತುಟಿ ನೋಡು, ಬಾಯಲ್ಲೇ ಮಾತಾಡು ಎಂಬ ಹಟಕ್ಕೆ ಎಷ್ಟೋ ಮಕ್ಕಳು ಬಲಿಯಾದರು. ಅಂಥ ಕಾಲದಲ್ಲಿ ಅಕ್ಷರ ಹೇಳುವ ಕೈಯನ್ನು ಕಂಚಿನಲ್ಲಿ ಎರಕ ಹೊಯ್ಯಿಸಿ ಎಲ್ಲರೆದುರು ನಿಲ್ಲಿಸಿದವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಫ್ರೆಂಚ್ ಅವರೂ ಕೆಲಸದಲ್ಲಿ ರಿಯಾಯಿತಿ ಮಾಡಿಕೊಳ್ಳಲಿಲ್ಲ. ಗ್ಯಾಲಡೆಟರ ಕಾಲು ಗಿಡ್ಡವಾಗಿದೆ ಎಂದು ಶಿಲ್ಪಿ ಸೇಂಟ್ ಗಾಡನ್ಸ್ ಹೇಳಿದಾಗ, ತಡವಾದರೂ ಸರಿಯೆಂದು ಮಾದರಿಯ ಕಾಲುಗಳನ್ನು ಉದ್ದ ಮಾಡಿದರು.

ಅದೇ ಫ್ರೆಂಚ್ ಅವರ ಮನೆ ಚೆಸ್ಟರ್‌ವುಡ್, ಮ್ಯಾಸಚೂಸೆಟ್ಸಿನ ಸ್ಟಾಕ್‌ಬ್ರಿಜ್ ಊರಿನಲ್ಲಿ, ಇಂದು ವಸ್ತುಸಂಗ್ರಹಾಲಯ. ಜಾಗ ಕೊಂಡದ್ದು 1896ರಲ್ಲಿ, ಗ್ಯಾಲಡೆಟ್ ಮೂರ್ತಿ ಮುಗಿದ ಮೇಲೆ. ಶಿಲ್ಪಶಾಲೆಯನ್ನು ರೂಪಿಸಿದವರು, ಮುಂದೆ ಲಿಂಕನ್ ಸ್ಮಾರಕವನ್ನೂ ರೂಪಿಸಿದ ಹೆನ್ರಿ ಬೇಕನ್. ಅಲ್ಲಿ ರೈಲುಹಳಿಯ ಮೇಲೆ ತಿರುಗುವ ವೇದಿಕೆಯಿದೆ. ಎತ್ತರದ ಬಾಗಿಲು ತೆರೆದು ದೊಡ್ಡ ಮೂರ್ತಿಯನ್ನು ಅಂಗಳಕ್ಕೆ ತಳ್ಳಿ, ಬಿಸಿಲಿನಲ್ಲಿ ಅದು ಹೇಗೆ ಕಾಣುತ್ತದೆಂದು ಫ್ರೆಂಚ್ ನೋಡುತ್ತಿದ್ದರು. ಇಡೀ ಕಟ್ಟಡ ಕಣ್ಣಿಗಾಗಿ ಕಟ್ಟಿದ್ದು.

ಆದರೆ ಇಂಥ ಮನೆಗಳನ್ನು ಬಂದವರಿಗೆ ತೋರಿಸುವುದು ಮಾತಿನಲ್ಲಿ. ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಶಿಲ್ಪವೆಂದರೆ ಅವಳಿಗೆ ಪ್ರಾಣ. ಒಂದು ಮ್ಯೂಸಿಯಮ್ಮಿನಲ್ಲಿ ಅವಳ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟರು. ಅವಳ ಮೊದಲ ಭಾಷೆ ಸನ್ನೆ, ಎರಡನೆಯದು ಕನ್ನಡ. ಇನ್ನೊಂದು ಕಡೆ ಸನ್ನೆ ಬಲ್ಲವರೇ ಇದ್ದರು, ಆದರೆ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರಿಂದ ಕೈಗಳು ಬರಿಯ ನೆರಳಾಗಿ ಕಂಡವು. ಕಿವಿ ಕೇಳುವವರು ಮಾತು ಕೇಳುತ್ತಲೇ ಮೂರ್ತಿ ನೋಡಬಹುದು. ಅಕ್ಕ ಕೈ ನೋಡಬೇಕು, ಆಮೇಲೆ ಮೂರ್ತಿ ನೋಡಬೇಕು. ನಡುವೆ ಬಿಡುವು ಕೊಡದೆ ಕೈಯಾಡಿಸುತ್ತ ಹೋದರೆ ಅವಳು ಮೂರ್ತಿಯನ್ನು ನೋಡುವುದೇ ಇಲ್ಲ.

ಹಾಗಾಗಿ ಶಿಲ್ಪಿಯ ಮನೆಯನ್ನು ಕಿವುಡರಿಗೆ ತೆರೆಯುವವರಿಗೆ ನನ್ನ ಮಾತು ಇಷ್ಟೇ. ತೋರಿಸುವವರ ಮುಖದ ಮೇಲೆ ಬೆಳಕು ಬೀಳಲಿ. ಮೊದಲು ಹೇಳಿ, ಆಮೇಲೆ ಕೈ ಇಳಿಸಿ, ನೋಡಲು ಬಿಡಿ. ತೋರಿಸುವ ಕೆಲಸವನ್ನು ಕಿವುಡರಿಗೇ ಕೊಡಿ, ಸಂಬಳ ಕೊಟ್ಟು.