ಅಜ್ಜಿಗೆ ಓದಿ ಹೇಳುವ ಆಗಮನ ಕಾಲ



ಬಳ್ಳಾರಿಯ ಮಿಷನರಿಗಳ ಶ್ರಮದಿಂದ 1831ರಲ್ಲೇ ಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತ್ತು. ಆದರೆ ನಮ್ಮ ಹುಮನಾಬಾದ್ 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿ, ಶಾಲೆಗಳಲ್ಲಿ ಉರ್ದುವಿನದೇ ಮೇಲುಗೈ. ಮನೆಮಾತು ಕನ್ನಡವಾದರೂ ಎಷ್ಟೋ ಹಿರಿಯರಿಗೆ ಕನ್ನಡ ಅಕ್ಷರ ದಕ್ಕಲಿಲ್ಲ. ನಮ್ಮ ಬಲಿಪೂಜೆಯೂ ಆಗ ಲತೀನಿನಲ್ಲಿತ್ತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪವಿತ್ರ ಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ತೆರೆದಿರಬೇಕೆಂದು ಸಾರಿತು.

ತೆರೆದ ಆ ಬಾಗಿಲೊಳಗೆ ಓದು ಬಾರದ ಅಜ್ಜಿಯನ್ನು ಕೈಹಿಡಿದು ಕರೆದೊಯ್ಯುವವರಾರು? ಶಾಲೆಗೆ ಹೋಗುವ ಮೊಮ್ಮಗಳೇ.

ಮಾತೆ ಮರಿಯಮ್ಮನವರು ವಯಸ್ಸಾದ ಎಲಿಜಬೇತಮ್ಮನ ಮನೆಯಲ್ಲಿ ಸುಮಾರು ಮೂರು ತಿಂಗಳು ಜೊತೆಗಿದ್ದರು. ಆ ಮನೆಯಲ್ಲೇ, ಮಾತು ನಿಂತಿದ್ದ ಜಕರೀಯನು ಹಲಗೆಯ ಮೇಲೆ ಮಗುವಿನ ಹೆಸರು ಬರೆದಾಗ ಅವನ ನಾಲಿಗೆ ಸಡಿಲಗೊಂಡಿತು. ಈ ಚಳಿಯ ಸಂಜೆಗಳಲ್ಲಿ ಟಿವಿ ಆರಿಸಿ, ರೊಟ್ಟಿಯೂಟಕ್ಕೆ ಮುಂಚೆ, ಸಂತ ಲೂಕನ ಮೊದಲ ಅಧ್ಯಾಯವನ್ನು ಮಗು ಓದಲಿ, ಅಜ್ಜಿ ಕೇಳಲಿ. ಆಮೆನ್.