ಗುಂಡಿನ ಮೂಗು ಚಪ್ಪಟೆ ಯಾಕೆ?

ಹಳೇ ಕೌಬಾಯ್ ಸಿನಿಮಾಗಳಲ್ಲಿ ಟ್ರಿಗರ್ ಸುತ್ತಲಿನ ಹಿಡಿಯನ್ನು ಖಟಕ್ ಅಂತ ಕೆಳಗೆಳೆದು ಹೊಡೆಯೋ ಬಂದೂಕು ನೋಡಿರ್ತೀರಿ. ಅದೇ ಲಿವರ್ ಆಕ್ಷನ್ ರೈಫಲ್. ನಳಿಕೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿ ಮಲಗಿರುತ್ತವೆ, ಹಿಂದಿನದರ ಮೂಗು ಮುಂದಿನದರ ಬುಡಕ್ಕೆ ತಾಗಿಕೊಂಡು.

1860ರ ಹೆನ್ರಿ ರೈಫಲ್‌ನ ತೋಟಾದಲ್ಲಿ ಕಿಡಿಮದ್ದು ಬುಡದ ಅಂಚಿನಲ್ಲಿತ್ತು. ಮೂಗು ತಾಗಿದರೂ ಭಯ ಕಡಿಮೆ. ಆದರೆ ಅಂಥ ತೋಟಾವನ್ನು ಮನೆಯಲ್ಲಿ ಮತ್ತೆ ತುಂಬೋದು ಆಗದ ಮಾತು. 1873ರ ವಿಂಚೆಸ್ಟರ್‌ನ ತೋಟಾದಲ್ಲಿ ಕಿಡಿಮದ್ದು ಬುಡದ ನಟ್ಟನಡುವೆ ಬಂತು. ಖಾಲಿ ಕವಚಕ್ಕೆ ಹೊಸ ಕಿಡಿಮದ್ದು, ಮದ್ದು, ಸೀಸ ಕರಗಿಸಿ ಅಚ್ಚಿಗೆ ಹೊಯ್ದ ಗುಂಡು ಹಾಕಿದರೆ ಆಯ್ತು. ಅಂಗಡಿ ದೂರವಿದ್ದ ಅಮೆರಿಕದ ಪಶ್ಚಿಮದಲ್ಲಿ ಇದೇನು ಸಣ್ಣ ಅನುಕೂಲವೇ?

ಆದರೆ ಯಾವ ಅಚ್ಚು? ಚೂಪು ಗುಂಡಾದರೆ, ಬಂದೂಕು ಹಿಂದಕ್ಕೆ ಒದ್ದಾಗ ಮುಂದಿನ ತೋಟಾದ ಕಿಡಿಮದ್ದನ್ನೇ ಕುಟ್ಟಬಹುದು. ಸಿಡಿಯೋದು ಎಡಗೈ ಹಿಡಿದಿರೋ ಜಾಗದಲ್ಲೇ! ಅದಕ್ಕೇ ಚಪ್ಪಟೆ ಮೂಗು.

1895ರಲ್ಲಿ ಥರ್ಟಿ-ಥರ್ಟಿ ತೋಟಾ ಬಂತು. ಹೊಗೆಯಿಲ್ಲದ ಮದ್ದು, ಜಾಸ್ತಿ ವೇಗ. ಆ ವೇಗಕ್ಕೆ ಮೆತ್ತನೆ ಸೀಸ ನಳಿಕೆಯೊಳಗೆ ಮೆತ್ತಿಕೊಳ್ಳುತ್ತದೆ. ಎರಕ ಹೊಯ್ಯೋರು ತವರ, ಆಂಟಿಮನಿ ಬೆರೆಸಿ ಗಟ್ಟಿ ಮಾಡಿದರು; ಆಮೇಲೆ ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲನ್ನೂ ತೊಡಿಸಿದರು. ಮೂಗು ಮಾತ್ರ ಚಪ್ಪಟೆಯೇ.

ಚೂಪು ಗುಂಡೇ ಬೇಕು ಅನ್ನೋರಿಗೆ ವಿಂಚೆಸ್ಟರ್‌ನ 1895ರ ಮಾಡೆಲ್ ಇತ್ತು. ಅದರಲ್ಲಿ ಕೊಳವೆ ಇಲ್ಲ, ಪೆಟ್ಟಿಗೆ. ತೋಟಾಗಳು ಒಂದರ ಮೇಲೊಂದು.