ದೊಡ್ಡ ಹುಳು, ಸಣ್ಣ ಹುಳು ಮತ್ತು ಒಂದು ಗೊಬ್ಬರದ ಗುಂಡಿ

1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ತನ್ನ ‘ಸಿಸ್ಟಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಲೋಕವನ್ನು ಆರು ವರ್ಗಗಳಾಗಿ ಹಂಚಿದ. ಹಾಲೂಡುವವು, ಹಕ್ಕಿಗಳು, ಮೀನುಗಳು, ಕೀಟಗಳು ಹೀಗೆ ಒಂದೊಂದಕ್ಕೂ ಒಂದು ಗೂಡು ಸಿಕ್ಕಿತು. ಎಲ್ಲೂ ಹೊಂದದೆ ಉಳಿದದ್ದನ್ನೆಲ್ಲ ‘ವರ್ಮೀಸ್’, ಅಂದರೆ ಹುಳುಗಳು, ಎಂಬ ಒಂದೇ ಚೀಲಕ್ಕೆ ತುರುಕಿದ. ಎರೆಹುಳುವೂ ಅದರಲ್ಲೇ, ಮಕ್ಕಳ ಹೊಟ್ಟೆಯ ಜಂತುಹುಳುವೂ ಅದರಲ್ಲೇ. ಈ ಎರಡನೆಯದಕ್ಕೆ ಅವನು ಕೊಟ್ಟ ಹೆಸರು ‘ಆಸ್ಕರಿಸ್ ಲುಂಬ್ರಿಕಾಯ್ಡಿಸ್’. ಎರೆಹುಳುವಿನಂತಿರುವುದು ಎಂದು ಅದರ ಅರ್ಥ.

ನಿಜಕ್ಕೂ ಇವೆರಡೂ ನೆಂಟರಲ್ಲ. ಎರೆಹುಳುವಿನ ಮೈ ಬಳೆ ಜೋಡಿಸಿದಂತೆ ಉಂಗುರ ಉಂಗುರ. ಜಂತುಹುಳುವಿಗೆ ಉಂಗುರವಿಲ್ಲ, ಅದು ನುಣ್ಣನೆಯ ದಾರದ ತುಂಡು. ಮಣ್ಣಿನಲ್ಲಿರುವ ಜಂತುಹುಳುಗಳಲ್ಲಿ ಬಹುಪಾಲು ಒಂದು ಮಿಲಿಮೀಟರಿಗಿಂತ ಚಿಕ್ಕವು, ಬರಿಗಣ್ಣಿಗೆ ಬೀಳುವುದಿಲ್ಲ. ನಮ್ಮ ಕನ್ನಡದಲ್ಲೂ ತೊಡಕಿದೆ: ಹೊಟ್ಟೆಯಲ್ಲಿರುವುದಕ್ಕೂ ಟೊಮೆಟೊ ಬೇರಿನಲ್ಲಿರುವುದಕ್ಕೂ ನಾವು ಜಂತುಹುಳು ಎಂದೇ ಕರೆಯುತ್ತೇವೆ. ಕೃಷಿಯವರು ನೆಮಟೋಡ್ ಎನ್ನುವುದೂ ಉಂಟು. ‘ಎರೆ’ ಎಂಬ ಪದವಾದರೋ ಗಾಳದ ಮೇವೂ ಹೌದು, ಕಪ್ಪು ಮಣ್ಣೂ ಹೌದು. ಅದು ಒಳ್ಳೆಯ ತೊಡಕು.

ನನಗೆ ಕುತೂಹಲ ಹುಟ್ಟಿಸುವುದು ಇದು: ಒಂದೇ ಹಿಡಿ ಮಣ್ಣಿನಲ್ಲಿ ಬದುಕುವ ಈ ಎರಡು ಹುಳುಗಳ ಚರಿತ್ರೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದನ್ನೊಂದು ಮುಟ್ಟದೆ ಸಾಗಿತು.

ಎರೆಹುಳುವಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಚಾರ್ಲ್ಸ್ ಡಾರ್ವಿನ್ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಎರೆಹುಳುಗಳ ಬಗ್ಗೆ ಒಂದು ಪ್ರಬಂಧ ಓದಿದ. 1842ರಲ್ಲಿ ಮನೆಯ ಹತ್ತಿರದ ಹೊಲವೊಂದರ ಮೇಲೆ ಸೀಮೆಸುಣ್ಣದ ಚೂರು ಹರಡಲಾಯಿತು. 29 ವರ್ಷ ಕಾದು 1871ರಲ್ಲಿ ಅಲ್ಲಿ ಅಗೆಸಿದ. ಸುಣ್ಣ ಏಳು ಅಂಗುಲ ಕೆಳಗೆ ಬಿಳಿ ಗೆರೆಯಾಗಿ ಕೂತಿತ್ತು. ಹುಳುಗಳು ಹಿಕ್ಕೆ ಹಾಕಿ ಹಾಕಿ ಅದನ್ನು ಹೂತಿದ್ದವು. ಇಷ್ಟು ತಾಳ್ಮೆ ಯಾವ ಸಂಶೋಧನಾ ಅನುದಾನಕ್ಕೂ ಇಂದು ಇರಲಾರದು. 1881ರಲ್ಲಿ ಬಂದ ಅವನ ಕೊನೆಯ ಪುಸ್ತಕ ಎರೆಹುಳುವನ್ನು ನೇಗಿಲಿನ ಮಟ್ಟಕ್ಕೆ ಏರಿಸಿತು.

ಜಂತುಹುಳುವಿನ ಪಾಲಿಗೆ ಬಂದದ್ದು ಅಪಕೀರ್ತಿ. 1743ರಲ್ಲಿ ನೀಡ್‌ಹ್ಯಾಮ್ ಎಂಬಾತ ರೋಗ ಹಿಡಿದ ಗೋಧಿಯ ಕಾಳನ್ನು ಒಡೆದು ನೀರು ಹಾಕಿದಾಗ ಒಳಗಿನ ಎಳೆಗಳು ಜೀವ ಬಂದು ಹೊರಳಾಡಿದವು. 1855ರಲ್ಲಿ ಬರ್ಕ್ಲಿ ಇಂಗ್ಲೆಂಡಿನ ಗಾಜಿನ ಮನೆಯ ಸೌತೆಬಳ್ಳಿಯ ಬೇರಿನಲ್ಲಿ ಗಂಟುಗಳನ್ನು ಕಂಡ. ನಮ್ಮ ಟೊಮೆಟೊ, ಬದನೆ, ಕಾಳುಮೆಣಸು ಬೆಳೆಗಾರರು ಇಂದಿಗೂ ಬಯ್ಯುವ ಬೇರುಗಂಟು ರೋಗ ಅದೇ. ಬೇರಿಗೆ ತುತ್ತು ಸಿಗದಂತೆ ಮಾಡಿ ಗಿಡವನ್ನು ನಿಂತಲ್ಲೇ ಸೊರಗಿಸುವ ಹುಳು ಅದು. ಇವುಗಳ ಅಧ್ಯಯನವನ್ನೇ ಒಂದು ಶಾಸ್ತ್ರವಾಗಿ ಕಟ್ಟಿದವನು ಅಮೆರಿಕದ ನೇಥನ್ ಕಾಬ್. ಜಗತ್ತಿನ ಉಳಿದೆಲ್ಲವೂ ಮಾಯವಾಗಿ ಜಂತುಹುಳುಗಳಷ್ಟೇ ಉಳಿದರೂ ಬೆಟ್ಟ, ನದಿ, ಮರಗಳ ಆಕಾರ ಮಸುಕಾಗಿ ಗುರುತು ಸಿಕ್ಕೀತು ಎಂಬ ಕಲ್ಪನೆ ಅವನದು. ಅಷ್ಟು ಕಾವ್ಯಮಯವಾಗಿ ಯೋಚಿಸಿದವನು ಹವಾಯಿಯ ಕಬ್ಬಿನ ತೋಟದವರ ಸಂಶೋಧನಾ ಕೇಂದ್ರದಲ್ಲೂ ದುಡಿದಿದ್ದ.

ಅದೇ ಹವಾಯಿಯ ಅನಾನಸ್ ತೋಟಗಳಲ್ಲಿ ಕಥೆ ಕಹಿಯಾಗುತ್ತದೆ. 1943ರಲ್ಲಿ ವಾಲ್ಟರ್ ಕಾರ್ಟರ್ ಎಂಬ ವಿಜ್ಞಾನಿ ‘ಡಿ-ಡಿ’ ಎಂಬ ರಾಸಾಯನಿಕ ಮಿಶ್ರಣವನ್ನು ಮಣ್ಣಿಗೆ ಹಾಕಿದರೆ ಬೆಳೆ ಚೇತರಿಸಿಕೊಳ್ಳುತ್ತದೆಂದು ಪ್ರಕಟಿಸಿದ. ಅಲ್ಲಿಂದ ಜಂತುಹುಳುನಾಶಕಗಳ ಕಾಲ ಶುರುವಾಯಿತು. ಮುಂದಿನ ದಶಕದಲ್ಲಿ ಡಿಬಿಸಿಪಿ ಬಂತು. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರೋಪ್ ಎಂಬಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕಾರ್ಮಿಕರು ತಮಗೆ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆಗೆ ಹೋದರು. ಅನುಮಾನ ನಿಜವಾಗಿತ್ತು. ಅಮೆರಿಕದಲ್ಲಿ 1979ರಲ್ಲಿ ಅದನ್ನು ಬಹುಮಟ್ಟಿಗೆ ನಿಷೇಧಿಸಿದರೂ ಹವಾಯಿಯ ಅನಾನಸ್ಸಿಗೆ ಮಾತ್ರ ಇನ್ನೂ ಕೆಲವು ವರ್ಷ ವಿನಾಯಿತಿ ಇತ್ತು. ಮಧ್ಯ ಅಮೆರಿಕದ ಬಾಳೆತೋಟಗಳ ಕೂಲಿಗಳು ಅದರ ಫಲವನ್ನು ಉಂಡರು, ಅವರ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಕಣ್ಣಿಗೆ ಕಾಣದ ಹುಳುವನ್ನು ಕೊಲ್ಲಲು ಹೊರಟು ಕಣ್ಣೆದುರಿನ ಮನುಷ್ಯನ ವಂಶವನ್ನೇ ತಡೆದ ಈ ಅಧ್ಯಾಯವನ್ನು ಓದಿದ ಮೇಲೆ, ಎರೆಹುಳು ಮತ್ತು ಜಂತುಹುಳುವಿನ ಸಂಬಂಧ ನನಗೆ ಬರೀ ಪ್ರಾಣಿಶಾಸ್ತ್ರದ ವಿಷಯವಾಗಿ ಉಳಿಯಲಿಲ್ಲ.

ಆ ಸಂಬಂಧವನ್ನು ನೇರವಾಗಿ ಕೇಳಿದವರು ಬಂದದ್ದು ಸರಿಸುಮಾರು ಅದೇ ಹೊತ್ತಿಗೆ. 1980ರಲ್ಲಿ ಒಡಿಶಾದ ಸಂಬಲ್‌ಪುರದಿಂದ ದಾಶ್, ಸೇನಾಪತಿ ಮತ್ತು ಮಿಶ್ರಾ ಅವರು ಉಷ್ಣವಲಯದ ಎರೆಹುಳುಗಳು ಮಣ್ಣಿನ ಜೊತೆ ಜಂತುಹುಳುಗಳನ್ನೂ ತಿನ್ನುತ್ತವೆಂಬ ಪ್ರಬಂಧ ಪ್ರಕಟಿಸಿದರು. ಮರುವರ್ಷ ನ್ಯೂಜಿಲೆಂಡಿನ ಗ್ರೆಗರ್ ಯೇಟ್ಸ್, ಎರೆಹುಳುಗಳಿರುವಲ್ಲಿ ಜಂತುಹುಳುಗಳ ಸಂಖ್ಯೆ ಕುಗ್ಗುತ್ತದೆಂದು ‘ಪೆಡೊಬಯೋಲಾಜಿಯ’ ಪತ್ರಿಕೆಯಲ್ಲಿ ಬರೆದರು. ಅದರ ಮುಂದಿನ ವರ್ಷ, 1982ರಲ್ಲಿ, ಅದೇ ಪತ್ರಿಕೆಯಲ್ಲಿ ಬೆಂಗಳೂರಿನ ರಾಧಾ ಕಾಳೆ, ಕುಬ್ರಾ ಬಾನು ಮತ್ತು ಕೃಷ್ಣಮೂರ್ತಿ ಅವರ ಲೇಖನ ಬಂತು: ನಮ್ಮ ನೆಲದ್ದೇ ಆದ ‘ಪೆರಿಯೋನಿಕ್ಸ್ ಎಕ್ಸ್‌ಕವೇಟಸ್’ ಎಂಬ ಎರೆಹುಳುವನ್ನು ಕಸ ಕಳಿಸಲು ಹೇಗೆ ಬಳಸಬಹುದೆಂಬುದು ವಿಷಯ. ಇಂದು ಕರ್ನಾಟಕದ ಹಳ್ಳಿಗಳಲ್ಲಿ ಕಾಣುವ ಎರೆಗೊಬ್ಬರದ ತೊಟ್ಟಿಗಳ ಬೆನ್ನಿಗೆ ಕೃಷಿ ವಿಶ್ವವಿದ್ಯಾಲಯದ ಈ ಕೆಲಸವಿದೆ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ 1931ರಲ್ಲಿ ವಿವರಿಸಿದ ಇಂದೋರ್ ಪದ್ಧತಿಯ ಗೊಬ್ಬರ ಬಿಸಿ ಗೊಬ್ಬರ. ಗುಂಡಿಗೆ ಕೈಹಾಕಿದರೆ ಸುಡುತ್ತದೆ, ರೋಗದ ಬೀಜಗಳು ಆ ಕಾವಿನಲ್ಲಿ ಸಾಯುತ್ತವೆ. ಎರೆಗೊಬ್ಬರ ಹಾಗಲ್ಲ. ತೊಟ್ಟಿ ಕಾವೇರಿದರೆ ಮೊದಲು ಸಾಯುವುದು ಎರೆಹುಳುವೇ. ಅದಕ್ಕೇ ಅದನ್ನು ನೆರಳಿನಲ್ಲಿಟ್ಟು, ನೀರು ಚಿಮುಕಿಸಿ ತಂಪಾಗಿಡುವುದು. ಬೆಂಕಿ ಮಾಡುವ ಕೆಲಸವನ್ನು ಅಲ್ಲಿ ಹೊಟ್ಟೆ ಮಾಡಬೇಕು.

ಬಿಸಿ ಗುಂಡಿಯಲ್ಲಿ ಜಂತುಹುಳುಗಳದ್ದು ಸರದಿಯ ಸಂಸಾರ. 2010ರಲ್ಲಿ ಬೆಲ್ಜಿಯಂನ ಹಾನೆ ಸ್ಟೀಲ್ ಮತ್ತು ಸಂಗಡಿಗರು ಇದನ್ನು ಹಂತಹಂತವಾಗಿ ಗುರುತಿಸಿದರು. ಕಾವು ಇಳಿಯುತ್ತಲೇ ಬ್ಯಾಕ್ಟೀರಿಯಾ ತಿನ್ನುವವು ಜಾತ್ರೆಗೆ ಬಂದಂತೆ ನೆರೆಯುತ್ತವೆ. ಅವುಗಳನ್ನು ಹಿಡಿದು ತಿನ್ನುವವೂ ಬರುತ್ತವೆ. ಗೊಬ್ಬರ ಮಾಗಿದಾಗ ಶಿಲೀಂಧ್ರ ತಿನ್ನುವವುಗಳ ಪಾಲು ಹೆಚ್ಚುತ್ತದೆ. ಅಂದರೆ ಒಳಗೆ ಯಾರಿದ್ದಾರೆಂದು ನೋಡಿ ಗೊಬ್ಬರ ಮಾಗಿದೆಯೇ ಇಲ್ಲವೇ ಹೇಳಬಹುದು. ನೋಡುವ ಉಪಾಯವೂ ಸರಳ. ಒಂದು ಹಿಡಿ ಗೊಬ್ಬರವನ್ನು ತೆಳುಬಟ್ಟೆಯಲ್ಲಿ ಕಟ್ಟಿ, ನೀರು ತುಂಬಿದ ಆಲಿಕೆಯಲ್ಲಿ ತೂಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳುಗಳು ತಳಕ್ಕೆ ಇಳಿದಿರುತ್ತವೆ. ಜಾವಾದಲ್ಲಿದ್ದ ಬೇರ್ಮನ್ ಎಂಬ ವೈದ್ಯ 1917ರಲ್ಲಿ ಕೊಕ್ಕೆಹುಳು ಹುಡುಕಲು ಕಂಡುಕೊಂಡ ಉಪಾಯವಿದು. ನಾನೂ ಮಾಡಿ ನೋಡಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ ಅವು ಚಾಟಿಯಂತೆ ಬಡಿದಾಡುವುದನ್ನು ಕಂಡ ಮೇಲೆ ‘ಸತ್ತ ಕಸ’ ಎಂಬ ಮಾತು ನನ್ನ ಬಾಯಿಗೆ ಬಂದಿಲ್ಲ.

ತೊಟ್ಟಿಗೆ ಎರೆಹುಳು ಇಳಿದರೆ ಈ ಸರದಿ ಕದಡುತ್ತದೆ. ಡೊಮಿಂಗೆಜ್, ಪಾರ್ಮಲೀ ಮತ್ತು ಎಡ್ವರ್ಡ್ಸ್ 2003ರಲ್ಲಿ, ಮತ್ತೆ ಅದೇ ‘ಪೆಡೊಬಯೋಲಾಜಿಯ’ದಲ್ಲಿ, ಎರೆಹುಳುಗಳಿದ್ದ ಕಸದಲ್ಲಿ ಬ್ಯಾಕ್ಟೀರಿಯಾ ತಿನ್ನುವ ಜಂತುಹುಳುಗಳು ಕಡಿಮೆಯಾಗಿದ್ದನ್ನು ವರದಿ ಮಾಡಿದರು. ಕಾರಣ ಒಂದೇ ಅಲ್ಲ. ಎರೆಹುಳು ಅವುಗಳನ್ನು ನುಂಗುತ್ತದೆ, ಅವು ತಿನ್ನುವ ಬ್ಯಾಕ್ಟೀರಿಯಾವನ್ನೂ ನುಂಗುತ್ತದೆ. ಉಣ್ಣುವವರನ್ನೂ ಉಣಿಸನ್ನೂ ಒಟ್ಟಿಗೆ ಬಾಚಿದಂತೆ. ‘ರೈತನ ಮಿತ್ರ’ ಎಂಬ ಬಿರುದನ್ನು ನಾವು ಸುಲಭವಾಗಿ ಅಂಟಿಸಿಬಿಡುತ್ತೇವೆ. ಆದರೆ ಈ ಮಿತ್ರನಿಗೆ ಒಳ್ಳೆಯ ಜಂತುಹುಳು, ಕೆಟ್ಟ ಜಂತುಹುಳು ಎಂಬ ಭೇದವಿಲ್ಲ. ಬೇರು ಕೊರೆಯುವುದೂ ಪೋಷಕಾಂಶ ಬಿಡಿಸಿಕೊಡುವುದೂ ಅದಕ್ಕೆ ಒಂದೇ ತುತ್ತು.

ಹಾಗಿದ್ದರೂ ಹೊಲದಲ್ಲಿ ಕಂಡದ್ದು ಬೇರೆಯೇ. ಒಹಾಯೋದಲ್ಲಿ ನಾರ್ಮನ್ ಅರಾಂಕನ್ ಮತ್ತು ಎಡ್ವರ್ಡ್ಸ್ ತಂಡ ಟೊಮೆಟೊ, ಮೆಣಸಿನಕಾಯಿ, ಸ್ಟ್ರಾಬೆರಿ ಹೊಲಗಳಿಗೆ ಸಿದ್ಧ ಎರೆಗೊಬ್ಬರ ಹಾಕಿದಾಗ, ರಾಸಾಯನಿಕ ಗೊಬ್ಬರ ಹಾಕಿದ ಹೊಲಗಳಿಗಿಂತ ಗಿಡ ತಿನ್ನುವ ಜಂತುಹುಳು ಇಳಿಯಿತು, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ತಿನ್ನುವವು ಏರಿದವು. ತೊಟ್ಟಿಯಲ್ಲಿ ಕಡಿಮೆಯಾದವು ಹೊಲದಲ್ಲಿ ಹೆಚ್ಚಾದದ್ದು ಹೇಗೆ? ಹೊಲಕ್ಕೆ ಹೋದದ್ದು ಎರೆಹುಳುವಲ್ಲ, ಅದರ ಹಿಕ್ಕೆ. ನುಂಗುವ ಬಾಯಿ ತೊಟ್ಟಿಯಲ್ಲೇ ಉಳಿಯಿತು, ಉಣಿಸು ಮಾತ್ರ ಹೊಲ ಸೇರಿತು. ಹಾಗೆಂದು ಇದನ್ನು ಬೇರುಗಂಟಿಗೆ ರಾಮಬಾಣವೆಂದು ಮಾರುವವರನ್ನು ಕಂಡರೆ ನನಗೆ ಡಿ-ಡಿ ಮಾರಿದವರು ನೆನಪಾಗುತ್ತಾರೆ. ಗುಣ ಬೇರೆ, ಜಾಹೀರಾತು ಬೇರೆ.

ಇನ್ನೊಂದು ಮಾತು. 1900ರಲ್ಲಿ ಅಲ್ಜೀರಿಯಾದಲ್ಲಿ ಕೂತು ಎಮಿಲ್ ಮೋಪಾ ವಿವರಿಸಿದ ‘ಎಲಿಗನ್ಸ್’ ಎಂಬ ಜಂತುಹುಳು ಮುಂದೆ ಸಿಡ್ನಿ ಬ್ರೆನ್ನರ್ ಕೈಯಲ್ಲಿ ಜಗತ್ಪ್ರಸಿದ್ಧವಾಯಿತು, 2002ರ ನೊಬೆಲ್ ತಂದುಕೊಟ್ಟಿತು. ಪ್ರಯೋಗಾಲಯಗಳು ಇಂದಿಗೂ ಸಾಕುವ ಅದರ ಮೂಲ ತಳಿ ಸಿಕ್ಕಿದ್ದು ಬ್ರಿಸ್ಟಲ್ಲಿನ ಅಣಬೆ ಬೆಳೆಯುವ ಗೊಬ್ಬರದಲ್ಲಿ. ಮೋಪಾನ ಹೆಸರು ಹೊತ್ತ ಮತ್ತೊಂದು ಜಂತುಹುಳುವಿದೆ, ‘ರ‍್ಯಾಬ್ಡೈಟಿಸ್ ಮೋಪಾಸಿ’. ಅದನ್ನು ಎರೆಹುಳು ಅರಗಿಸಿಕೊಳ್ಳಲಾರದು. ಅದರ ಮರಿಗಳು ಎರೆಹುಳುವಿನ ಮೈಯೊಳಗೇ ಸೇರಿ, ಬೆಳೆಯದೆ, ಹಾನಿ ಮಾಡದೆ ಸುಮ್ಮನೆ ಕಾಯುತ್ತವೆ. ಎರೆಹುಳು ಸತ್ತ ದಿನ ಎಚ್ಚರಗೊಂಡು, ಕೊಳೆಯುವ ಮೈಯಲ್ಲಿ ಹುಟ್ಟುವ ಬ್ಯಾಕ್ಟೀರಿಯಾ ತಿಂದು, ಅಲ್ಲೇ ಮರಿ ಹಾಕುತ್ತವೆ.